6 ಕಿ.ಮೀ. ಹವಾಮಾನ ಮಾದರಿ: ಬಿತ್ತನೆಗೆ ಎಷ್ಟು ಆಧಾರ?

2025ರ ಮೇ 26ರಂದು ಲೋಕಾರ್ಪಣೆಗೊಂಡ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಮುನ್ಸೂಚನಾ ಮಾದರಿಯನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿದೆ. ಗಾಳಿ, ಉಷ್ಣತೆ ಹಾಗೂ ತೇವಾಂಶದ ಭೌತನಿಯಮಗಳನ್ನು ಅದು ಸುಮಾರು 6 ಕಿ.ಮೀ. ಅಂತರದಲ್ಲಿ ಲೆಕ್ಕ ಹಾಕುತ್ತದೆ. ಹಿಂದಿನ ಅಂತರ 12 ಕಿ.ಮೀ. ಅಂದರೆ ಸುಮಾರು 144 ಚದರ ಕಿ.ಮೀ.ಗೆ ಒಂದರಂತೆ ದೊರೆಯುತ್ತಿದ್ದ ಮೌಲ್ಯವು ಈಗ 36 ಚದರ ಕಿ.ಮೀ.ಗೆ ಒಂದರಂತೆ ದೊರೆಯುತ್ತದೆ.

ಇದು ಗಣನೀಯ ಪ್ರಗತಿ. ಆದರೂ ಇದನ್ನು ಪ್ರತಿ ಹೊಲದ ಮುನ್ಸೂಚನೆಯೆಂದು ಭಾವಿಸುವುದು ತಪ್ಪು. ಮುಂಗಾರು ಪೂರ್ವದ ಗುಡುಗು ಮೋಡಗಳ ಅಗಲ ಅನೇಕ ವೇಳೆ ಕೆಲವೇ ಕಿಲೋಮೀಟರ್. ಅಂತಹ ಮೋಡವನ್ನು ಮಾದರಿಯು ಬಿಡಿಬಿಡಿಯಾಗಿ ಗುರುತಿಸಲಾರದು. ಸೂತ್ರಗಳ ಮೂಲಕ ಅದರ ಒಟ್ಟು ಪರಿಣಾಮವನ್ನಷ್ಟೇ ಅಂದಾಜಿಸುತ್ತದೆ. ಪಕ್ಕದ ಊರಿನಲ್ಲಿ ಹದಮಳೆಯಾಗಿ ನಮ್ಮ ಹೊಲ ಒಣಗಿಯೇ ಉಳಿಯುವುದನ್ನು ರೈತರು ಬಲ್ಲರು.

ಲೆಕ್ಕಾಚಾರ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಕ್ಕೆ ನೆಲದ ಅಳತೆ ಬೇಕು. ಹಲವು ಸ್ವಯಂಚಾಲಿತ ಹವಾಮಾನ ಕೇಂದ್ರಗಳ ವಾಯುಭಾರ ಸಂವೇದಕದಲ್ಲಿ ಸಿಲಿಕಾನ್‌ನಲ್ಲಿ ಕೊರೆದ ಅತಿ ತೆಳುವಾದ ಪೊರೆಯಿರುತ್ತದೆ. ಒತ್ತಡಕ್ಕೆ ಅದು ಬಾಗಿದಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ. ಕಾಲಕ್ರಮೇಣ ಈ ಅಳತೆ ಜರುಗುವುದರಿಂದ ನಿಯತ ತಪಾಸಣೆ ಅನಿವಾರ್ಯ. ಯಂತ್ರ ಅಳವಡಿಸುವಾಗಿನ ಉತ್ಸಾಹ ನಿರ್ವಹಣೆಯಲ್ಲಿ ಕಾಣುವುದು ಅಪರೂಪ.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಪಂಚಾಯಿತಿ ಮಳೆಮಾಪಕದ ದಾಖಲೆಯನ್ನು ಮುನ್ಸೂಚನೆಯೊಡನೆ ಒಂದು ಹಂಗಾಮು ಹೋಲಿಸಿ, ರೈತರ ಮುಂದಿಡುವುದು ಸೂಕ್ತ. ಮಳೆಯ ಸೂಚನೆಯಿದ್ದಲ್ಲಿ ಔಷಧ ಸಿಂಪರಣೆಯನ್ನು ಒಂದು ದಿನ ಮುಂದೂಡಿದರೆ ಸಾಮಾನ್ಯವಾಗಿ ಹೆಚ್ಚಿನ ನಷ್ಟವಿಲ್ಲ. ಬಿತ್ತನೆಯ ವಿಷಯ ಬೇರೆ: ಒಣಮಣ್ಣಿಗೆ ಹಾಕಿದ ಬೀಜ ಕೆಟ್ಟರೆ ಮತ್ತೆ ಕೊಳ್ಳಬೇಕಾಗುತ್ತದೆ. ಆದುದರಿಂದ ಖುಷ್ಕಿ ಪ್ರದೇಶದಲ್ಲಿ ಮಣ್ಣಿನ ಹದವನ್ನು ಕೈಯಾರೆ ಪರೀಕ್ಷಿಸಿದ ನಂತರವೇ ಕೂರಿಗೆ ಹೂಡಬೇಕು.