ಗೋಡೆಯ ಬಿರುಕು, ಮನದ ಬಿರುಕು

ಕೃಷ್ಣಾ ತೀರದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ನಿಂತ ಮನೆಯ ಗೋಡೆಯೂ ಅದರೊಡನೆ ಅಲುಗಿ ಸೀಳುತ್ತದೆ. ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಗೃಹಸ್ಥರಿಗೆ ಮನೆಯ ದುರಸ್ತಿ ಹೊಸ ಸಂಗತಿಯಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಘಟಪ್ರಭೆಯೂ ದಡ ಮೀರಿದಾಗ ನದಿಯಂಚಿನ ಅನೇಕ ಊರುಗಳಲ್ಲಿ ಮನೆಗಳು ಕುಸಿದವು. ನಿಂತ ಮನೆಗಳ ಗೋಡೆಗಳೂ ನೀರು ಕುಡಿದು ಸಡಿಲಗೊಂಡವು. ಇಂತಹ ಸಂಕಟದಲ್ಲಿ ಕರೆದ ಗುತ್ತಿಗೆದಾರನು ಮುಂಗಡ ಪಡೆದು ಬಾರದೆ ಹೋದರೆ, ಹಚ್ಚಿದ ಗಿಲಾವು ತಿಂಗಳೊಳಗೆ ಉದುರಿದರೆ, ದುಡ್ಡು ತೆತ್ತ ಮೇಲೂ ಮಾಳಿಗೆ ಸೋರಿದರೆ ಗೃಹಸ್ಥನಲ್ಲಿ ಏಳುವ ಕ್ರೋಧ ಸಣ್ಣದಲ್ಲ. ಕೂಡಿಟ್ಟ ಹಣ ವ್ಯರ್ಥವಾಯಿತೆಂಬ ನೋವು ಅದರಲ್ಲಿದೆ. ನಂಬಿಕೆ ಮುರಿಯಿತೆಂಬ ನೋವು ಅದಕ್ಕಿಂತ ಹೆಚ್ಚಿನದು.

ಜೈನ ಆಚಾರ್ಯರು ಕೋಪಿಸಬೇಡವೆಂದು ಹೇಳಿ ಸುಮ್ಮನಾಗಲಿಲ್ಲ. ಕ್ರೋಧದ ಆಳವನ್ನು ಅಳೆಯುವ ಕೋಲನ್ನೂ ಕೊಟ್ಟರು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧವು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಕೆಯಾಗಿದೆ: ಕಲ್ಲಿನ ಸೀಳು, ನೆಲದ ಬಿರುಕು, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಇವನ್ನು ಅನಂತಾನುಬಂಧಿ, ಅಪ್ರತ್ಯಾಖ್ಯಾನ, ಪ್ರತ್ಯಾಖ್ಯಾನ, ಸಂಜ್ವಲನ ಎಂಬ ಕಷಾಯದ ನಾಲ್ಕು ಭೇದಗಳೊಡನೆ ಹೊಂದಿಸಿ ಹೇಳುವುದು ವಾಡಿಕೆ. ಇವುಗಳ ವಾಸನೆ ಉಳಿಯುವ ಕಾಲವನ್ನೂ ಅದೇ ಗ್ರಂಥ ಹೇಳುತ್ತದೆ. ಸಂಜ್ವಲನದ್ದು ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗಿನ ಅವಧಿ. ಪ್ರತ್ಯಾಖ್ಯಾನದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನದ್ದು ಆರು ತಿಂಗಳು. ಅನಂತಾನುಬಂಧಿಯದು ಭವಭವಾಂತರಗಳವರೆಗೆ ಬೆನ್ನು ಬಿಡದು.

ಈ ಲೆಕ್ಕ ಪಂಡಿತರ ಚರ್ಚೆಗಷ್ಟೇ ಮೀಸಲಾದುದಲ್ಲ. ಕೆಟ್ಟ ಕೆಲಸವನ್ನು ಕಂಡೊಡನೆ ಸಿಟ್ಟು ಏಳುವುದು ಸಹಜ. ಅದು ನೀರಿನ ಗೆರೆಯಂತೆ ಅಳಿದರೆ ಹಾನಿ ಅಲ್ಪ. ಹದಿನೈದು ದಿನ ಕಳೆದರೂ ಊಟಕ್ಕೆ ಕುಳಿತಾಗ ಅದೇ ಮಾತು, ಜಿನಾಲಯದ ಮೆಟ್ಟಿಲು ಹತ್ತುವಾಗ ಅದೇ ಚಿಂತೆ ಎಂದಾದರೆ ಗೆರೆ ನೆಲಕ್ಕಿಳಿಯಿತೆಂದು ತಿಳಿಯಬೇಕು. ಅಪ್ರತ್ಯಾಖ್ಯಾನ ಕಷಾಯವು ಶ್ರಾವಕನ ಅಣುವ್ರತಗಳಿಗೆ ಅಡ್ಡಿಯಾಗುತ್ತದೆ. ಅನಂತಾನುಬಂಧಿಯು ಸಮ್ಯಕ್ತ್ವವನ್ನೇ ಕೆಡಿಸುತ್ತದೆ. ಒಂದು ಗೋಡೆಯ ಗಿಲಾವಿಗಾಗಿ ಸಮ್ಯಕ್ತ್ವವನ್ನು ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಗೋಡೆಯಾದರೋ ಪುದ್ಗಲ. ಕೂಡುವುದೂ ಕಳಚುವುದೂ ಅದರ ಸ್ವಭಾವ. ಗುತ್ತಿಗೆದಾರನು ನಿಮಿತ್ತನಾಗಬಹುದು, ಕ್ರೋಧದ ಬಂಧವಾಗುವುದು ಕ್ರೋಧಿಸಿದ ಜೀವಕ್ಕೇ.

ಹಾಗೆಂದು ಕ್ಷಮೆಯೆಂದರೆ ಮೋಸವನ್ನು ಬಾಯಿ ಮುಚ್ಚಿ ಸಹಿಸುವುದೆಂದು ಭಾವಿಸಬಾರದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ, ಒಳ್ಳೆಯ ವಸ್ತುವಿನಲ್ಲಿ ಕೀಳು ವಸ್ತು ಬೆರೆಸಿ ವ್ಯವಹರಿಸುವುದನ್ನೂ ಸೇರಿಸಿದ್ದಾರೆ. ಸಿಮೆಂಟು ಕಡಿಮೆ ಹಾಕಿ, ಮಣ್ಣು ಬೆರೆತ ಉಸುಕು ಕಲಸಿ, ಪೂರ್ಣ ಕೆಲಸದ ಹಣ ಕೇಳುವುದು ಇದೇ ದೋಷ. ಅದನ್ನು ಎತ್ತಿ ತೋರಿಸುವುದು ಗೃಹಸ್ಥನ ಹಕ್ಕು. ತಪ್ಪಿದವನನ್ನು ಎಚ್ಚರಿಸುವುದರಿಂದ ಅವನಿಗೂ ಹಿತವೇ. ಆದರೆ ಹೇಳುವ ರೀತಿ ಬೇರೆಯಾಗಬೇಕು. ಮೊದಲು ಒಂದು ಮುಹೂರ್ತ ಸಾಮಾಯಿಕಕ್ಕೆ ಕುಳಿತು, ಸಿಟ್ಟಿನ ಮೊದಲ ಬಿಸಿ ಆರಿದ ಬಳಿಕ, ಎಲ್ಲೆಲ್ಲಿ ಕೆಲಸ ಕೆಟ್ಟಿದೆಯೋ ಅದನ್ನು ಬರೆದು ಮುಂದಿಡಬೇಕು. ಮಾತು ಗೋಡೆಯ ಬಗೆಗಿರಲಿ. ಅವನ ಕುಲ, ಊರು, ಮನೆತನಗಳ ಬಗೆಗೆ ಬೇಡ. ಅವನು ಒಪ್ಪದಿದ್ದರೆ ಹಿರಿಯರ ಮುಂದೆಯೋ ಕಾನೂನಿನ ಮುಂದೆಯೋ ನ್ಯಾಯ ಕೇಳಲು ಕ್ಷಮಾಧರ್ಮ ಅಡ್ಡ ಬಾರದು.

ಗೃಹಸ್ಥನು ತನ್ನ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ಎಲ್ಲರಿಗಿಂತ ಕಡಿಮೆ ದರ ಹೇಳಿದವನನ್ನೇ ಆರಿಸಿದಾಗ ಲೋಭದ ಪಾಲಿರಲಿಲ್ಲವೇ? ಹೊಸ ಗಿಲಾವಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಮನೆಯವರೇ ಪ್ರಮಾದದಿಂದ ಅದನ್ನು ಮರೆತರೆ ಗೌಂಡಿಯೊಬ್ಬನನ್ನೇ ದೂರುವುದು ಸರಿಯಾಗದು. ಇನ್ನೊಂದು ಎಚ್ಚರವೂ ಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಗುತ್ತಿಗೆದಾರನ ಮೇಲಿನ ಸಿಟ್ಟಿಗೆ ಕಲ್ಲು ಹೊತ್ತವಳ, ಉಸುಕು ಕಲಸಿದವನ ದಿನದ ಪಗಾರ ತಡೆದರೆ ಆ ಸಂಜೆ ಅವರ ಒಲೆ ಉರಿಯದು. ಮಾಡದ ತಪ್ಪಿಗೆ ಬಡವರ ಮಕ್ಕಳು ಹಸಿಯುವಂತಾದರೆ ಅದು ಹಿಂಸೆಯೇ.

ನಿರಾಶೆಯನ್ನು ಕ್ರೋಧವಾಗಲು ಬಿಡದೆ ಕೆಲಸವಾಗಿಸಿದ ನಿದರ್ಶನ ಈ ಸೀಮೆಯಲ್ಲಿಯೇ ಇದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಹೊಲಗಳು ಒಣಗುತ್ತಿದ್ದವು. ಅಣೆಯನ್ನು ಸರಕಾರ ಕಟ್ಟೀತೆಂದು ಕಾಯುತ್ತ ಕೂರದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮದೇ ಹಣ ಕೂಡಿಸಿ, ತಮ್ಮದೇ ಶ್ರಮ ಸುರಿದು 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದೇ ಹೆಸರು. ದೂರುವುದರಲ್ಲಿ ಕಳೆಯಬಹುದಾಗಿದ್ದ ಶಕ್ತಿ ಅಲ್ಲಿ ನೀರಾಗಿ ನಿಂತಿತು. ಕೆಲಸದಿಂದ ಫಲ ಪಡೆಯುವವನೇ ಕೆಲಸದ ಬಳಿ ನಿಂತರೆ ಅದು ಹೇಗೆ ಗಟ್ಟಿಯಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮನೆಯ ದುರಸ್ತಿಗೂ ಇದೇ ಮಾತು ಸಲ್ಲುತ್ತದೆ. ಕಲಸುವಾಗ ಬಳಿಯಲ್ಲಿದ್ದು ನೋಡಿದ ಒಂದು ಗಳಿಗೆ, ಒಡೆದ ಮೇಲೆ ಬೈದ ಹತ್ತು ದಿನಗಳಿಗಿಂತ ಹೆಚ್ಚು ಉಪಕಾರಿ.

ಮಾಳಿಗೆ ಸೋರುವ ಮಳೆಗಾಲದಲ್ಲಿಯೇ ಭಾದ್ರಪದದ ದಶಲಕ್ಷಣ ಪರ್ವವೂ ಬರುತ್ತದೆ. ಅದರ ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲು. ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ಬಂಧುಮಿತ್ರರಲ್ಲಿ ಕ್ಷಮೆ ಕೇಳುವುದು ಸುಲಭ. ಕೆಲಸ ಕೆಡಿಸಿದ ಗುತ್ತಿಗೆದಾರನೊಡನೆ, ಲೆಕ್ಕ ಇನ್ನೂ ಬಾಕಿ ಇದ್ದರೂ ಸರಿಯೆ, ಕೈಮುಗಿದು ಒಂದು ಮಾತಾಡಲು ಸಾಧ್ಯವಾದರೆ ಆ ವರುಷದ ಪರ್ವ ಸಾರ್ಥಕ. ಗೋಡೆಯ ಬಿರುಕು ಮುಚ್ಚಲು ಮತ್ತೊಬ್ಬರ ಕೈ ಬೇಕಾದೀತು. ಮನದ ಬಿರುಕನ್ನು ಮುಚ್ಚುವ ಕೆಲಸಕ್ಕೆ ಗುತ್ತಿಗೆ ಕೊಡಲು ಬಾರದು.