ಪಾತಾಳದ ಸಂಪತ್ತಿಗೆ ಒಡೆಯರಾರು?

ಇಂಡಿ ತಾಲೂಕಿನ ಹೊರ್ತಿಯ ಸುತ್ತಲಿನ ರೈತರು ಲಿಂಬೆಯ ಗಿಡಗಳನ್ನುಳಿಸಿಕೊಳ್ಳುವ ಸಲುವಾಗಿ ಕರಿಗಲ್ಲನ್ನು ನೂರಾರು ಫೂಟು ಕೊರೆಯಿಸುತ್ತಿರುವರು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಹೆಸರೇನೋ ದೊಡ್ಡದಾಯಿತು, ಬೇರಿಗೆ ಬೇಕಾದ ನೀರಿನ ಗತಿಯೇನು? ಇದಕ್ಕೆ ಉತ್ತರವನ್ನು ನಾವು ಎಣ್ಣೆಯ ಬಾವಿಗಳ ಇತಿಹಾಸದಲ್ಲಿ ಹುಡುಕಬಯಸುತ್ತೇವೆ. ನಮ್ಮ ಜಿಲ್ಹೆಯಲ್ಲಿ ಅಂಥ ಬಾವಿಯೊಂದೂ ಇಲ್ಲವೆಂದು ವಾಚಕರು ನಗಬಾರದು.

ನೆಲದೊಳಗೆ ಎಣ್ಣೆಯ ಕೆರೆಯೇ ಇದೆಯೆಂಬದು ತಪ್ಪು ತಿಳುವಳಿಕೆ. ಮರಳುಗಲ್ಲು, ಸುಣ್ಣಗಲ್ಲುಗಳ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆಯೂ ಅನಿಲವೂ ಸೇರಿಕೊಂಡಿರುವವು. ಮೇಲೆ ಬಿಗಿಯಾದ ಶಿಲೆಯೊಂದು ಮುಚ್ಚಳದಂತೆ ಕುಳಿತಿರುವದು. ಅದನ್ನು ಕೊರೆದು, ಉಕ್ಕಿನ ಕೊಳವೆಯನ್ನಿಳಿಸಿ, ಸುತ್ತಲೂ ಸಿಮೆಂಟು ತುಂಬಿ, ಎಣ್ಣೆಯಿರುವ ಮಟ್ಟದಲ್ಲಿ ಕೊಳವೆಗೆ ತೂತು ಮಾಡಿದರೆ ಒಳಗಿನ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ದೂಡುವದು. ಒತ್ತಡ ಕುಗ್ಗಿದ ಮೇಲೆ ಪಂಪು. ಅದೂ ಸಾಲದಾದಾಗ ಪಕ್ಕದ ಬಾವಿಗಳಿಂದ ನೀರನ್ನೋ ಅನಿಲವನ್ನೋ ಒಳಗೆ ನುಗ್ಗಿಸಿ ತಳ್ಳುವರು. ಬಿಗಿಯಾದ ಜೇಡಿಶಿಲೆಯಾದರೆ ಬಾವಿಯನ್ನು ಅಡ್ಡಲಾಗಿ ತಿರುಗಿಸಿ, ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಿಂದ ಹಾಯಿಸಿ ಕಲ್ಲನ್ನೇ ಸೀಳುವರು. ಇಷ್ಟಾದರೂ ಎಣ್ಣೆಯ ದೊಡ್ಡ ಪಾಲು ಕಲ್ಲಿನಲ್ಲಿಯೇ ಉಳಿಯುವದು. ಮೊದಲಿಗೇ ಒತ್ತಡವನ್ನು ದುಂದು ಮಾಡಿದರಂತೂ ನಷ್ಟವು ಇನ್ನೂ ಹೆಚ್ಚು.

ಅಮೇರಿಕೆಯ ಟೆಕ್ಸಾಸಿನವರು ಇದನ್ನು ಪೆಟ್ಟು ತಿಂದು ಕಲಿತರು. ತನ್ನ ಬಾವಿಯಲ್ಲಿ ಬಂದದ್ದೆಲ್ಲ ತನ್ನದು, ಅದು ನೆರೆಯವನ ನೆಲದಡಿಯಿಂದ ಹರಿದುಬಂದಿದ್ದರೂ ಸರಿಯೆಂಬದು ಅಲ್ಲಿಯ ನ್ಯಾಯವಾಗಿದ್ದಿತು. 1930ರಲ್ಲಿ ಪೂರ್ವ ಟೆಕ್ಸಾಸಿನಲ್ಲಿ ಎಣ್ಣೆ ಸಿಕ್ಕಾಗ ಪ್ರತಿಯೊಬ್ಬನೂ ನೆರೆಯವನಿಗಿಂತ ಮೊದಲು ಹೀರಲು ಹವಣಿಸಿದನು. ಬೆಲೆ ಕುಸಿಯಿತು, ಒತ್ತಡ ಇಳಿಯಿತು. 1931ರ ಆಗಸ್ಟಿನಲ್ಲಿ ಗವರ್ನರನು ಸೈನಿಕರನ್ನು ಕಳಿಸಿ ಬಾವಿಗಳನ್ನು ನಿಲ್ಲಿಸಬೇಕಾಯಿತು! ತರುವಾಯ ಬಾವಿಗಿಷ್ಟೆಂದು ಪಾಲು ಗೊತ್ತುಮಾಡುವ ಪದ್ಧತಿ ನೆಲೆಗೊಂಡಿತು.

ಹೊರ್ತಿಯಲ್ಲಿ ನಡೆದಿರುವದು ಇದೇ ಪಂದ್ಯವಲ್ಲವೇ? ಲಾವಾ ಆರಿ ಹುಟ್ಟಿದ ಈ ಕರಿಗಲ್ಲು ಮರಳುಗಲ್ಲಿನಂತೆ ನೀರನ್ನು ತನ್ನೊಳಗೆ ತುಂಬಿಟ್ಟುಕೊಳ್ಳುವದಿಲ್ಲ. ಮೇಲಿನ ಶಿಥಿಲ ಪದರಿನಲ್ಲಿ, ಬಿರುಕುಗಳಲ್ಲಿ, ಲಾವಾದ ಒಂದು ಹಾಸಿಗೂ ಇನ್ನೊಂದಕ್ಕೂ ನಡುವಣ ಸಂದಿಯಲ್ಲಿ ನಿಂತದ್ದಷ್ಟೇ ನೀರು. ಒಂದೇ ಬಿರುಕಿಗೆ ಇಬ್ಬರ ಬೋರುಗಳು ತಗಲಿದರೆ ಆಳಕ್ಕಿಳಿದವನು ಗೆದ್ದನು, ಇನ್ನೊಬ್ಬನು ಸಾಲಗಾರನಾದನು.

ಕಾಯದೆಯು ಈ ಎರಡನ್ನೂ ಒಂದೇ ಕಣ್ಣಿನಿಂದ ನೋಡಿಲ್ಲ. ಎಣ್ಣೆಗೆ 1948ರ ತೈಲಕ್ಷೇತ್ರಗಳ ಕಾಯದೆಯುಂಟು. ಸರಕಾರದ ಗುತ್ತಿಗೆಯಿಲ್ಲದೆ ಯಾರೂ ಒಂದು ಹನಿಯನ್ನೂ ತೆಗೆಯುವಂತಿಲ್ಲ. ನೀರಿನ ವಿಷಯದಲ್ಲಿ ಮಾತ್ರ 1882ರ ಈಸ್‌ಮೆಂಟ್ ಕಾಯದೆಯನ್ನು ಹಿಡಿದು, ಹೊಲದೊಡೆಯನೇ ಪಾತಾಳದವರೆಗೂ ಒಡೆಯನೆಂದು ಭಾವಿಸುತ್ತ ಬಂದಿದ್ದೇವೆ. 2011ರ ಕರ್ನಾಟಕ ಅಂತರ್ಜಲ ಕಾಯದೆಯು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗಳ ನೋಂದಣಿಯನ್ನೂ ಪೂರ್ವಾನುಮತಿಯನ್ನೂ ವಿಧಿಸಿದೆ. ಆದರೆ ಊರವರಿಗೇ ತಮ್ಮ ಬೋರುಗಳ ಲೆಕ್ಕ ತಿಳಿಯದಿದ್ದರೆ ಯಾವ ಅಧಿಕಾರಿಯೂ ಅದನ್ನು ನಡೆಯಿಸಲಾರನು. ಎಣ್ಣೆಯನ್ನು ಯಾವ ಮಳೆಯೂ ಮರಳಿ ತುಂಬದು. ನೀರನ್ನು ಅಷ್ಟಿಷ್ಟಾದರೂ ತುಂಬುವದು. ಆದುದರಿಂದ ನಮ್ಮ ಲೆಕ್ಕವು ಟೆಕ್ಸಾಸಿನವರದಕ್ಕಿಂತ ಸುಲಭವಾದುದು. ಹೊರ್ತಿಯ ಶಾಲಾ ಮಾಸ್ತರರೂ ಪಂಚಾಯತಿಯವರೂ ಕೂಡಿ ಪ್ರತಿಯೊಂದು ಬೋರಿನ ಆಳ, ನೀರು ತಗಲಿದ ಮಟ್ಟ, ಬತ್ತಿದ ವರ್ಷ ಇವನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸಲಿ. ಕೊರೆಯುವ ಯಂತ್ರವನ್ನು ಕರೆಯಿಸುವ ಮುನ್ನ ರೈತನು ಅದನ್ನೊಮ್ಮೆ ಓದಿಕೊಳ್ಳಲಿ.