ಅಳೆಯೋರನ್ನ ಅಳೆಯೋರ್ಯಾರು? (ಭಾಗ 4)

ಕೂಲಿ ಮಾಡೋರ ಮನೆಗೆ ಸರ್ವೆಯವರು ಬರ್ತಾರೆ. ದಿನಕ್ಕೆ ಎಷ್ಟು ಹೊತ್ತು ಊಟ? ಫೋನ್ ಇದೆಯಾ? ಬಂದ ದುಡ್ಡು ಯಾವುದಕ್ಕೆ ಖರ್ಚಾಯ್ತು? ಎಲ್ಲಕ್ಕೂ ಉತ್ತರ ಕೊಡ್ತಾರೆ. ವರದಿ ಮಾತ್ರ ಅವರ ಕೈಗೆ ಬರಲ್ಲ.

ನಾನೂ ಒಂದು ಕಾಲದಲ್ಲಿ ಆ ಫಾರಂ ಹಿಡ್ಕೊಂಡು ಮನೆಮನೆ ತಿರುಗಿದವನೇ. ಒಬ್ಬರು ಅಜ್ಜಿ ಕೇಳಿದ್ರು: "ನಮ್ಮ ಕೂಲಿ ತಡೆದವರ ಮನೆಗೂ ಹೋಗಿ ಹಿಂಗೇ ಕೇಳ್ತೀಯೇನಪ್ಪಾ?"

ನನ್ನ ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ.

👉 ಯಾಕಿರಲಿಲ್ಲ?
ಯಾಕಂದ್ರೆ ಮೌಲ್ಯಮಾಪನಕ್ಕೆ ದುಡ್ಡು ಕೊಟ್ಟವರು ಯೋಜನೆ ನಡೆಸುವವರೇ. ಏನನ್ನು ಅಳೆಯಬೇಕು, ಏನನ್ನು ಬಿಡಬೇಕು ಅನ್ನೋದು ಕರಾರಿನಲ್ಲೇ ತೀರ್ಮಾನ ಆಗಿರುತ್ತೆ. ಮೌಲ್ಯಮಾಪಕರು ಕೆಟ್ಟವರು ಅಂತ ಹೇಳ್ತಿಲ್ಲ. ಅವರಿಗೂ ಇಎಂಐ ಇದೆ, ಮುಂದಿನ ಟೆಂಡರ್ ಬೇಕು. ಅದಕ್ಕೇ ಊರಿನ ಬಾಯಲ್ಲಿ "ದುಡ್ಡು ನುಂಗಿದ್ರು" ಅನ್ನೋದು ವರದಿಯಲ್ಲಿ "ಅನುಷ್ಠಾನದ ಸವಾಲುಗಳು" ಆಗುತ್ತೆ. ಇದು ಒಬ್ಬರ ಗುಣದ ಪ್ರಶ್ನೆಯಲ್ಲ, ವರ್ಗದ ಹಿತಾಸಕ್ತಿಯ ಪ್ರಶ್ನೆ.

👉 ದೊಡ್ಡವರ ಲೋಕದಲ್ಲೂ ಇದೇ ಕಥೆ
2008ರ ಕುಸಿತಕ್ಕೆ ಮೊದಲು ಅಮೆರಿಕದ ಗೃಹಸಾಲದ ಬಾಂಡ್‌ಗಳಿಗೆ ರೇಟಿಂಗ್ ಕಂಪನಿಗಳು ಧಾರಾಳವಾಗಿ "ಟ್ರಿಪಲ್ ಎ" ಕೊಟ್ಟವು. ಅವರಿಗೆ ಶುಲ್ಕ ಕೊಡ್ತಿದ್ದವರು ಆ ಬಾಂಡ್ ಹೊರಡಿಸಿದವರೇ. ಮನೆ ಕಳ್ಕೊಂಡವರು ಮಾತ್ರ ಸಾಮಾನ್ಯ ಜನ.

👉 ಬೇರೆ ದಾರಿ ಇಲ್ವಾ? ಇದೆ.
1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಸಾರ್ವಜನಿಕ ಅಹವಾಲು ಸಭೆ ನಡೆಸಿತು. ಸರ್ಕಾರಿ ಕಾಮಗಾರಿಯ ಲೆಕ್ಕಪತ್ರಗಳನ್ನ ಊರವರ ಮುಂದೆ ಗಟ್ಟಿಯಾಗಿ ಓದಿದರು. ಲೆಕ್ಕ ಸರಿಯೋ ಸುಳ್ಳೋ ಅಂತ ಹೇಳೋಕೆ ಅಲ್ಲಿ ತಜ್ಞರು ಬೇಕಾಗಲಿಲ್ಲ, ಕೆಲಸ ಮಾಡಿದವರೇ ಸಾಕಾಯ್ತು. ಮುಂದೆ 2005ರ ಉದ್ಯೋಗ ಖಾತ್ರಿ ಕಾಯ್ದೆ ತನ್ನ 17ನೇ ಕಲಂನಲ್ಲಿ ಸಾಮಾಜಿಕ ಪರಿಶೋಧನೆಯನ್ನ ಗ್ರಾಮಸಭೆಗೇ ವಹಿಸಿತು.

ಆದ್ರೆ ಕಾಯ್ದೆ ಬಂದ ಮಾತ್ರಕ್ಕೆ ಮುಗೀಲಿಲ್ಲ. ಸಭೆಯಲ್ಲಿ ಸಿಕ್ಕಿಬಿದ್ದ ಹಣ ವಸೂಲಾಗದಿದ್ರೆ ಅದೂ ಬರೀ ಶಾಸ್ತ್ರ.

ಹಾಗಾಗಿ ನಮ್ಮ ಬೇಡಿಕೆ ಮೂರೇ:
1. ಪ್ರಶ್ನೆಪಟ್ಟಿ ಬರೆಯುವಾಗ ಕೂಲಿಕಾರರೂ ಕೂತಿರಬೇಕು.
2. ವರದಿಯನ್ನ ಮೊದಲು ಊರಲ್ಲಿ, ಕನ್ನಡದಲ್ಲಿ ಓದಬೇಕು.
3. ಮೌಲ್ಯಮಾಪಕರ ಸಂಬಳ ಯೋಜನೆ ನಡೆಸುವವರ ಕೈಯಲ್ಲಿರಬಾರದು.

ತಜ್ಞರು ಬೇಡ ಅಂತಲ್ಲ. ಲೆಕ್ಕ ಬಲ್ಲವರು ಬರಲಿ, ಜನರ ಪಕ್ಕದಲ್ಲಿ ಕೂರಲಿ. ಬಡವರ ತಟ್ಟೆ ಅಳೆಯೋ ಧೈರ್ಯ ಇರೋರಿಗೆ ಉಳ್ಳವರ ತಿಜೋರಿ ಅಳೆಯೋ ಧೈರ್ಯವೂ ಬರಲಿ.

ನಿಮ್ಮೂರಿನ ಗ್ರಾಮಸಭೆಯಲ್ಲಿ ಲೆಕ್ಕ ಓದಿದ್ದನ್ನ ಕೇಳಿದ್ದೀರಾ? ಕಾಮೆಂಟಲ್ಲಿ ಬರೀರಿ. ಭಾಗ 5ರಲ್ಲಿ ಸಿಗೋಣ. ✊

#ಅಳೆಯೋರ್ಯಾರು #ಸಾಮಾಜಿಕಪರಿಶೋಧನೆ #ಗ್ರಾಮಸಭೆ #ಕನ್ನಡ